ಕುಡಿಯದ ದಿನಗಳ ಲೆಕ್ಕದ ಪುಸ್ತಕ



ನಮ್ಮ ಮನೆಗಳಲ್ಲಿ ಲೆಕ್ಕದ ಪುಸ್ತಕಗಳಿಗೆ ಕೊರತೆಯಿಲ್ಲ. ಸೊಸೈಟಿಗೆ ಕೊಟ್ಟ ಹಾಲು, ಆಳುಗಳ ಸಂಬಳ, ಅಡಿಕೆಗೆ ಮದ್ದು ಬಿಟ್ಟ ತಾರೀಕು, ಎಲ್ಲವನ್ನೂ ಬರೆದಿಡುತ್ತೇವೆ. ಆದರೆ ಗಡಂಗಿಗೆ ಹೋದ ಹಣಕ್ಕೆ, ಕುಡಿಯದೆ ಕಳೆದ ದಿನಕ್ಕೆ ಲೆಕ್ಕ ಇಡುವವರು ಕಡಿಮೆ. ಕುಡಿತ ಬಿಡಲು ಮನಸ್ಸು ಮಾಡಿದವರಿಗೆ ಈ ಲೆಕ್ಕ ಒಂದು ಆಸರೆ. ಇದಕ್ಕೆಂದೇ ಈಗ ಮೊಬೈಲಿನಲ್ಲಿ ಆಪ್‌ಗಳಿವೆ. ಅವುಗಳಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಈ ಸಲ ತಿಳಿಯೋಣ.

ಆಪ್‌ನಲ್ಲಿ ಏನಿದೆ?

ಮೊದಮೊದಲು ಇಂಥ ಆಪ್‌ಗಳ ಮುಖ್ಯ ಕೆಲಸ ದಿನ ಎಣಿಸುವುದು. ಈಗ ಹಲವು ಆಪ್‌ಗಳಲ್ಲಿ ಬೇರೆ ಸೌಲಭ್ಯಗಳೂ ಸೇರಿವೆ. ಬೆಳಿಗ್ಗೆ ‘ಇಂದು ಕುಡಿಯುವುದಿಲ್ಲ’ ಎಂಬ ಪ್ರತಿಜ್ಞೆ; ರಾತ್ರಿ ‘ದಿನ ಹೇಗೆ ಹೋಯಿತು?’ ಎಂಬ ಪ್ರಶ್ನೆ; ಆಸೆ ಯಾವಾಗ, ಏಕೆ ಹುಟ್ಟಿತೆಂದು ಬರೆಯಲು ಸ್ಥಳ; ಉಳಿದ ಹಣದ ಲೆಕ್ಕ. ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಹೋಗುತ್ತಿದ್ದರೆ ತಿಂಗಳಿಗೆ 4,500, ವರ್ಷಕ್ಕೆ 54,750 ರೂಪಾಯಿ. ಅಂಕೆ ಕಣ್ಣೆದುರು ಬಂದಾಗ ಮನಸ್ಸಿಗೆ ತಟ್ಟುತ್ತದೆ.

ಇದು ನಮಗೆ ಹೊಸತಲ್ಲ

1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ಲೊಯೋಲಾದ ಸಂತ ಇಗ್ನೇಷಿಯಸರು ಇದೇ ದಾರಿಯನ್ನು ಕಲಿಸಿದ್ದಾರೆ. ಬಿಡಬೇಕಾದ ಒಂದೇ ತಪ್ಪನ್ನು ಆರಿಸಿಕೊಂಡು ಬೆಳಿಗ್ಗೆ ಸಂಕಲ್ಪ ಮಾಡಬೇಕು. ಮಧ್ಯಾಹ್ನ ಮತ್ತು ರಾತ್ರಿ ಆತ್ಮಶೋಧನೆ ಮಾಡಿ, ಬಿದ್ದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ಇಂದನ್ನು ನಿನ್ನೆಯೊಡನೆ, ಈ ವಾರವನ್ನು ಕಳೆದ ವಾರದೊಡನೆ ಹೋಲಿಸಬೇಕು. ಹಾಗಾಗಿ ಮೊಬೈಲಿಲ್ಲದವರು ಹಿಂದೆ ಬಿದ್ದರೆಂದು ತಿಳಿಯಬೇಕಾಗಿಲ್ಲ. ಒಂದು ನೋಟುಪುಸ್ತಕ ಸಾಕು.

ಬರೆಯುವ ಕ್ರಮ

1. ತಾರೀಕು. ಕುಡಿದೆನೇ, ಇಲ್ಲವೇ?

2. ಆಸೆ ಹುಟ್ಟಿದ ಹೊತ್ತು, ಸ್ಥಳ, ಜೊತೆಗಿದ್ದವರು.

3. ಆಗ ಹಸಿವು, ಸಿಟ್ಟು, ಒಂಟಿತನ, ಆಯಾಸ ಇವುಗಳಲ್ಲಿ ಯಾವುದಿತ್ತು?

4. ಉಳಿದ ಹಣ.

ಒಂದು ತಿಂಗಳು ಬರೆದರೆ ದಾರಿ ತಾನಾಗಿ ಕಾಣುತ್ತದೆ. ಒಬ್ಬರಿಗೆ ಶನಿವಾರದ ಬಟವಾಡೆ, ಇನ್ನೊಬ್ಬರಿಗೆ ಅಡಿಕೆ ಮಾರಿದ ದಿನ, ಮತ್ತೊಬ್ಬರಿಗೆ ಮದುವೆಯ ಹಿಂದಿನ ರಾತ್ರಿ. ಅಪಾಯದ ದಿನ ಗೊತ್ತಾದರೆ ಅಂದು ಹಣವನ್ನು ಮನೆಯವರ ಕೈಗೆ ಕೊಡಬಹುದು, ಹೊಟ್ಟೆ ತುಂಬ ಉಂಡು ಹೊರಡಬಹುದು, ಬೇರೆ ದಾರಿ ಹಿಡಿಯಬಹುದು.

ಎಚ್ಚರಿಕೆ!

ಆಪ್ ಉತ್ಸಾಹದಿಂದ ಎಣಿಸುವ ಮೊದಲ ನಾಲ್ಕು ದಿನಗಳೇ ದೇಹಕ್ಕೆ ಅತಿ ಅಪಾಯದ ದಿನಗಳು. ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ವರ, ಗಲಿಬಿಲಿ, ಇಲ್ಲದ್ದು ಕಾಣುವುದು ಉಂಟಾಗುತ್ತದೆ. ಇದು ದೆವ್ವದ ಕಾಟವೂ ಅಲ್ಲ, ನಟನೆಯೂ ಅಲ್ಲ. ಜೀವ ಹೋಗುವ ಕಾಯಿಲೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆದುದರಿಂದ ಇಂಥವರು ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣಬೇಕು. ನಡುಕ ತಡೆಯುವ ಮದ್ದನ್ನು ಕೊಟ್ಟು ಕ್ರಮೇಣ ಇಳಿಸುತ್ತಾರೆ, ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಆ ದಿನಗಳಲ್ಲಿ ಮರ ಹತ್ತಿಸಬೇಡಿ. ಮನಸ್ಸು ಕುಗ್ಗಿರುವ ಕಾಲವಾದ್ದರಿಂದ ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ. ಸಲಹೆಗೆ ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಮತ್ತೆ ಕುಡಿದರೆ?

ಸಾಮಾನ್ಯವಾಗಿ ಆಪ್ ಆಗ ಎಣಿಕೆಯನ್ನು ಸೊನ್ನೆಗೆ ತರುತ್ತದೆ. ಅದನ್ನು ಕಂಡು ಕೈಚೆಲ್ಲುವವರಿದ್ದಾರೆ. ಆದರೆ 43 ದಿನ ಕುಡಿಯದೆ ಇದ್ದವನು ಸೊನ್ನೆಯಲ್ಲ. ಕೊಳೆರೋಗಕ್ಕೆ ಒಂದು ಗೊನೆ ಉದುರಿತೆಂದು ನಾವು ತೋಟ ಕಡಿಯುವುದಿಲ್ಲ. ಮದ್ದು ಬಿಡಲು ತಡವಾಯಿತೇ, ಮಳೆಗೆ ತೊಳೆದುಹೋಯಿತೇ ಎಂದು ನೋಡಿ ಮತ್ತೆ ಬಿಡುತ್ತೇವೆ. ಹಾಗೆಯೇ ಹಳೆಯ ಪುಟ ಹರಿಯದೆ, ಬಿದ್ದ ಕಾರಣ ಬರೆದು, ಮರುದಿನದಿಂದ ಮುಂದುವರಿಸೋಣ. ಆದರೆ ಮತ್ತೆ ದಿನವೂ ಕುಡಿಯುವಂತಾಗಿದ್ದರೆ ಪುನಃ ವೈದ್ಯರನ್ನು ಕಂಡೇ ನಿಲ್ಲಿಸಬೇಕು.

ಮನೆಯವರಿಗೆ ಒಂದು ಮಾತು: ಆ ಪುಸ್ತಕವನ್ನು ಜಗಳಕ್ಕೆ ಸಾಕ್ಷಿ ಮಾಡಬೇಡಿ. ಬೈಗುಳದ ಹೆದರಿಕೆಯಿದ್ದರೆ ಅದರಲ್ಲಿ ಸುಳ್ಳು ಸೇರುತ್ತದೆ. ಸುಳ್ಳು ಲೆಕ್ಕದಿಂದ ಯಾರಿಗೂ ಲಾಭವಿಲ್ಲ.

ಡಬ್ಲಿನ್ ಪಟ್ಟಣದ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಮೊದಲು ಮೂರೇ ತಿಂಗಳಿಗೆ ಪ್ರತಿಜ್ಞೆ ಮಾಡಿದರು. ಅದು ಮುಂದುವರಿದು 1925ರಲ್ಲಿ ಸಾಯುವ ತನಕ ನಿಂತಿತು. 1975ರಲ್ಲಿ ಧರ್ಮಸಭೆ ಅವರನ್ನು ‘ಪೂಜ್ಯ’ರೆಂದು ಘೋಷಿಸಿತು. ಜೀವಮಾನದ ಮಾತು ಇಂದೇ ಬೇಡ. ವೈದ್ಯರ ಸಲಹೆ ಪಡೆದು, ದೇವರ ಸಹಾಯ ಬೇಡಿ, ಇಂದಿನ ತಾರೀಕು ಬರೆಯೋಣ. ನಾಳೆಯ ಪುಟ ನಾಳೆಗಿರಲಿ.