ಕೋಶಕೇಂದ್ರದ ಬಾಗಿಲು ದಾಟಲು ಆರು ಸೂತ್ರ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟೂನಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಂದೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನವನ್ನೋ ಜೀನೋಮಿಕ್ ವಿಜ್ಞಾನವನ್ನೋ ಓದುವ ಆಸೆಯಿದ್ದರೆ, ಅಣುಗಳು ಕೋಶಕೇಂದ್ರದ ಒಳಹೊರಗೆ ಓಡಾಡುವ ಪಾಠ ನಿಮಗೆ ಗಟ್ಟಿಯಾಗಿ ಬರಲೇಬೇಕು.

1. ಬೊಂಡದಿಂದ ಶುರುಮಾಡಿ. ಎಳನೀರಿನಲ್ಲಿ ಸಾವಿರಾರು ಕೋಶಕೇಂದ್ರಗಳು ನಡುವೆ ಕೋಶಭಿತ್ತಿಯಿಲ್ಲದೆ ತೇಲುತ್ತಿರುತ್ತವೆ. ಭಿತ್ತಿ ಕಟ್ಟಿಕೊಂಡ ಭಾಗವೇ ಬಿಳಿ ತಿರುಳು. ಭಿತ್ತಿ ಇರಲಿ, ಇಲ್ಲದಿರಲಿ, ಪ್ರತಿ ಕೋಶಕೇಂದ್ರಕ್ಕೂ ಎರಡು ಪದರದ ಪೊರೆ ಇದೆ. ಆ ಪೊರೆಯ ತುಂಬ ರಂಧ್ರಗಳಿವೆ.

2. ಅಳತೆ ಬಾಯಿಗೆ ಬರಲಿ. ಒಂದೊಂದು ರಂಧ್ರವನ್ನೂ ಸುಮಾರು 30 ಬಗೆಯ ಪ್ರೋಟೀನುಗಳು ಸೇರಿ ಕಟ್ಟಿವೆ. ಸುಮಾರು 40 ಕಿಲೋಡಾಲ್ಟನ್‌ಗಿಂತ ಚಿಕ್ಕ ಅಣುಗಳು ತಾವಾಗಿಯೇ ನುಸುಳುತ್ತವೆ. ದೊಡ್ಡವನ್ನು ವಾಹಕ ಪ್ರೋಟೀನು ಕರೆದೊಯ್ಯಬೇಕು.

3. ವಾಹಕ ಗುರುತಿಸುವ ಒಂದು ವಿಳಾಸ ಕಂಠಪಾಠ ಮಾಡಿ. ಪ್ರೊಲಿನ್, ಮೂರು ಲೈಸಿನ್, ಆರ್ಜಿನಿನ್, ಲೈಸಿನ್, ವ್ಯಾಲಿನ್. ಎಸ್‌ವಿ40 ವೈರಸ್ಸಿನ ಪ್ರೋಟೀನಿನಲ್ಲಿ 1984ರಲ್ಲಿ ಗುರುತಿಸಿದ ಈ ಏಳು ಅಮೈನೋ ಆಮ್ಲಗಳಲ್ಲಿ ಒಂದು ಲೈಸಿನ್ ಬದಲಾದರೂ ಸಾಕು, ಪ್ರೋಟೀನು ಹೊರಗೇ ಉಳಿಯುತ್ತದೆ.

4. ಚಿತ್ರದಲ್ಲಿನ ಬಾಣ ಉರುಹಚ್ಚಬೇಡಿ, ಕಾರಣ ಹಿಡಿಯಿರಿ. ಅಂಕ ಹೋಗುವುದು ಇಲ್ಲೇ. ರಾನ್ ಎಂಬ ಪುಟ್ಟ ಪ್ರೋಟೀನಿಗೆ ಜಿಟಿಪಿ ತೊಡಿಸುವ ಆರ್‌ಸಿಸಿ1 ಒಳಗೆ ಕ್ರೊಮಾಟಿನ್‌ಗೆ ಅಂಟಿಕೊಂಡಿರುತ್ತದೆ. ಆ ಜಿಟಿಪಿಯನ್ನು ಒಡೆಸುವ ರಾನ್‌ಗ್ಯಾಪ್ ಹೊರಗೆ ಕೋಶದ್ರವ್ಯದಲ್ಲಿರುತ್ತದೆ. ಹಾಗಾಗಿ ರಾನ್-ಜಿಟಿಪಿ ಒಳಗೆ ಹೆಚ್ಚು, ಹೊರಗೆ ಕಡಿಮೆ. ಹೊರೆಯೊಂದಿಗೆ ಒಳಬಂದ ಇಂಪೋರ್ಟಿನ್ ಎಂಬ ವಾಹಕ ಈ ರಾನ್-ಜಿಟಿಪಿ ತಾಗಿದೊಡನೆ ಹೊರೆ ಇಳಿಸುತ್ತದೆ. ಎಕ್ಸ್‌ಪೋರ್ಟಿನ್ ಎಂಬ ಹೊರಗೊಯ್ಯುವ ವಾಹಕ ಅದು ಜೊತೆಯಾದಾಗ ಹೊರೆ ಹೊರುತ್ತದೆ. ಒಂದೇ ಅಣು, ಎರಡು ವಿರುದ್ಧ ಪರಿಣಾಮ! ಈ ಏರುಪೇರನ್ನು ತಿರುವುಮುರುವು ಮಾಡಿದರೆ ಸಾಗಣೆಯ ದಿಕ್ಕೂ ತಿರುಗುತ್ತದೆಂದು 1999ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಇದಕ್ಕಿಂತ ಸೊಗಸಾದ ಪುರಾವೆ ಈ ಪಾಠದಲ್ಲಿ ಇನ್ನೊಂದಿಲ್ಲ.

5. ಎಂಆರ್‌ಎನ್‌ಎಯನ್ನು ಈ ರಾನ್ ಲೆಕ್ಕದೊಳಗೆ ಸೇರಿಸಬೇಡಿ. ಅದರಲ್ಲಿ ಹೆಚ್ಚಿನವನ್ನು ಹೊರಗೊಯ್ಯುವುದು ಎನ್‌ಎಕ್ಸ್‌ಎಫ್1. ಅದಕ್ಕೆ ರಾನ್ ನೇರವಾಗಿ ಬೇಕಿಲ್ಲ.

6. ಕಲಿತದ್ದನ್ನು ತೋಟಕ್ಕೆ ಒಯ್ಯಿರಿ. ಅಡಿಕೆಯ ಹಳದಿ ಎಲೆ ರೋಗದ ಜೊತೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ತಳುಕು ಹಾಕಿಕೊಂಡಿದೆ. ಅದೇ ಗುಂಪಿನ ಇನ್ನೊಂದು ಜೀವಿ, ಆಸ್ಟರ್ ಗಿಡಗಳನ್ನು ಹಳದಿ ಮಾಡುವಂಥದ್ದು, ಸ್ಯಾಪ್11 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದರಲ್ಲೂ ಕೋಶಕೇಂದ್ರದ ವಿಳಾಸವಿದೆ. ಗಿಡದ ಸ್ವಂತ ಇಂಪೋರ್ಟಿನ್ ಅನ್ನೇ ಬಳಸಿ ಒಳಹೊಕ್ಕು, ಎಲೆಯ ಬೆಳವಣಿಗೆ ನೋಡಿಕೊಳ್ಳುವ ಪ್ರೋಟೀನುಗಳನ್ನು ಅದು ಕೆಡಿಸುತ್ತದೆ. ನಮ್ಮ ಅಡಿಕೆಯಲ್ಲಿ ಏನು ನಡೆಯುತ್ತದೆಂದು ಹುಡುಕಲು ತೋಟದ ಮನೆಗಳ ಮಕ್ಕಳೇ ಮುಂದೆ ಬರಬೇಕು. 1916ರಲ್ಲಿ ಶುರುವಾದ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಕಾಸರಗೋಡಿನಲ್ಲೇ ಇದೆ. ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ, ಪ್ರಶ್ನೆ ಕೇಳಿ.