ನಿಂತ ಲಾರಿಯ ಎಂಜಿನ್ ಯಾಕೆ ಓಡಬೇಕು?

ಪ್ರಶ್ನೆ: ನಮ್ಮ ಮನೆ ಶಾಲೆಯ ಪಕ್ಕದ ಅಡ್ಡರಸ್ತೆಯಲ್ಲಿದೆ. ಮರಳು, ಸಿಮೆಂಟ್ ತರುವ ಲಾರಿಗಳು ಬೆಳಿಗ್ಗೆ ಎಂಜಿನ್ ಆಫ್ ಮಾಡದೆ ಅರ್ಧ ಗಂಟೆ ನಿಂತಿರುತ್ತವೆ. ಎಷ್ಟೋ ಸಲ ಚಾಲಕರು ಟೀ ಕುಡಿಯಲು ಹೋಗಿರುತ್ತಾರೆ. ಮೊಮ್ಮಗನಿಗೆ ಉಬ್ಬಸ. ಇದನ್ನು ತಡೆಯುವ ಕಾನೂನು ಇದೆಯೇ, ಸರ್?
— ನಿವೃತ್ತ ಶಿಕ್ಷಕಿ, ಬಸವೇಶ್ವರನಗರ

ಉತ್ತರ: ಚಾಲಕ ಸೀಟಿನಲ್ಲಿ ಇಲ್ಲದಿದ್ದರೆ ಖಂಡಿತ ಇದೆ, ಮೇಡಂ. ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿರುವಾಗ ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ 1988ರ 126ನೇ ಸೆಕ್ಷನ್. ಖಾಲಿ ಸೀಟು, ನಂಬರ್ ಪ್ಲೇಟ್ ಎರಡೂ ಕಾಣುವ ಫೋಟೊ ತೆಗೆದು, ಸಮಯ ಬರೆದು ಸಂಚಾರ ಪೊಲೀಸರಿಗೆ ದೂರು ಕೊಡಿ.

ಚಾಲಕ ಸೀಟಿನಲ್ಲೇ ಕೂತಿದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ. ಎಷ್ಟು ನಿಮಿಷ ಎಂಬ ಮಿತಿ ನಮ್ಮ ಕಾಯ್ದೆಯಲ್ಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಮಿತಿ 3 ನಿಮಿಷ, ಶಾಲೆಯ ಪಕ್ಕದಲ್ಲಾದರೆ 1 ನಿಮಿಷ. ಹಾಂಗ್‌ಕಾಂಗ್ 2011ರ ಡಿಸೆಂಬರ್‌ನಿಂದ 3 ನಿಮಿಷದ ನಿಯಮ ಪಾಲಿಸುತ್ತಿದೆ. ನಮ್ಮಲ್ಲೂ ಒಂದು ದಾರಿಯಿದೆ: ನಿರ್ದಿಷ್ಟ ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು 115ನೇ ಸೆಕ್ಷನ್ ಸರ್ಕಾರಕ್ಕೆ ಕೊಡುತ್ತದೆ. ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಆ ರಸ್ತೆಗೆ ಲಾರಿ ಬೇಡವೆಂದು ನಿವಾಸಿಗಳ ಸಂಘ ಮತ್ತು ಶಾಲೆ ಒಟ್ಟಾಗಿ ಮನವಿ ಕೊಡಲಿ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ. ಮಕ್ಕಳ ಮೂಗಿನ ಮಟ್ಟದಲ್ಲೇ ಅದನ್ನು ಬಿಡುವುದು ತಪ್ಪು.

ಪ್ರಶ್ನೆ: ಸರ್, ಗಾಡಿ ಆಫ್ ಮಾಡಿದರೆ ಏರ್ ಇಳಿಯುತ್ತೆ, ಮತ್ತೆ ಸ್ಟಾರ್ಟ್ ಮಾಡಲು ಡೀಸೆಲ್ ಜಾಸ್ತಿ ಬೇಕು. ನನ್ನದು ಬಿಎಸ್ 6 ಗಾಡಿ, ಹೊಗೆಯೇ ಕಾಣಲ್ಲ. ಆದರೂ ಆಫ್ ಮಾಡಬೇಕಾ?
— ಲಾರಿ ಚಾಲಕ, ಕೆಂಗೇರಿ

ಉತ್ತರ: ಮಾಡಲೇಬೇಕು, ನಿಮ್ಮ ಲಾಭಕ್ಕೇ. ಆಫ್ ಮಾಡಿದ ಸ್ವಲ್ಪ ಹೊತ್ತಿಗೇ ಏರ್ ಗೇಜಿನ ಮುಳ್ಳು ಇಳಿದರೆ ಎಲ್ಲೋ ಲೀಕ್ ಇದೆ ಎಂದರ್ಥ. ಅದು ಬ್ರೇಕಿನ ವಿಷಯ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಸುಮ್ಮನೆ ಓಡುವ ದೊಡ್ಡ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು 2ರಿಂದ 3 ಲೀಟರ್ ಕುಡಿಯುತ್ತದೆ. ಸ್ಟಾರ್ಟ್ ಮಾಡಲು ಬೇಕಾಗುವುದು ಅದರ ಮುಂದೆ ಅತ್ಯಲ್ಪ. ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಗೆ 25 ದಿನವೆಂದರೆ ಕನಿಷ್ಠ 50 ಲೀಟರ್ ವ್ಯರ್ಥ. ಲೋಡ್ ಎಳೆದು ಬಂದಾಗ ಟರ್ಬೊ ತಣಿಯಲು ಎರಡು ಮೂರು ನಿಮಿಷ ಓಡಿಸುವುದು ಸರಿ, ಅದಕ್ಕಿಂತ ಹೆಚ್ಚು ಬೇಕಿಲ್ಲ.

ಬಿಎಸ್ 6 ಗಾಡಿಯ ಮಾತು ಬೇರೆ ಎಂದುಕೊಳ್ಳಬೇಡಿ. ನೈಟ್ರೋಜನ್ ಆಕ್ಸೈಡ್‌ಗಳನ್ನು ತಡೆಯುವ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಲು ಹೊಗೆಯ ಬಿಸಿ ಸುಮಾರು 200 ಡಿಗ್ರಿ ದಾಟಬೇಕು. ನಿಂತ ಗಾಡಿಯಲ್ಲಿ ಅದು ತಣ್ಣಗಾಗುತ್ತದೆ, ಕಣ್ಣಿಗೆ ಕಾಣದ ವಿಷಾನಿಲ ಹೊರಬರುತ್ತಲೇ ಇರುತ್ತದೆ. ಹತ್ತಿರ ಕೂತು ಅದನ್ನು ಮೊದಲು ಉಸಿರಾಡುವವರು ನೀವೇ.

ಪ್ರಶ್ನೆ: ಮೊಬೈಲಿನಲ್ಲಿ ನಮ್ಮ ಕಡೆಯ ಗಾಳಿ ‘ಸಮಾಧಾನಕರ’ ಎಂದು ತೋರಿಸುತ್ತದೆ. ಹಾಗಿದ್ದರೆ ಚಿಂತೆ ಯಾಕೆ?
— ಅಂಗಡಿ ಮಾಲೀಕರು, ವಿಜಯನಗರ

ಉತ್ತರ: ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರಗಳು ಸಾಣೆಗುರುವನಹಳ್ಳಿ, ಮೈಲಸಂದ್ರದಂಥ ಕಡೆ ಇವೆ. ಅವು ಹೇಳುವುದು ಆ ಪ್ರದೇಶದ ಗಾಳಿಯ ವಿಚಾರ. ನಿಮ್ಮ ಅಂಗಡಿ ಬಾಗಿಲಲ್ಲಿ ಎಂಜಿನ್ ಆಫ್ ಮಾಡದೆ ನಿಂತ ಲಾರಿಯ ಹೊಗೆ ಆ ಅಂಕಿಯಲ್ಲಿ ಕಾಣುವುದಿಲ್ಲ. ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬರೀ 15. ನಿಮಗೆ ಮಾಲು ತರುವ ಗಾಡಿಗೆ ಸಮಯ ಗೊತ್ತುಮಾಡಿ, ಬಂದ ಕೂಡಲೇ ಇಳಿಸಿಕೊಳ್ಳಿ, ಅಲ್ಲಿಯವರೆಗೆ ಎಂಜಿನ್ ಆಫ್ ಮಾಡಲು ಹೇಳಿ. ಈ ನಿಯಮ ನಿಮ್ಮ ಅಂಗಡಿಯಿಂದಲೇ ಶುರುವಾಗಬಹುದು.