ಬೆಟ್ಟದ ವೈನ್, ಕೆಳಗಿನ ಕಡಲು: ಸೈಪ್ರಸ್‌ಗೆ ಮೊದಲ ಸಲ ಹೊರಟವರಿಗೆ

ಮೆಡಿಟರೇನಿಯನ್ ದ್ವೀಪ ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಸ್ಯಾಂಟೊರಿನಿಯ ಬಿಳಿ ಗೋಡೆ, ನೀಲಿ ಗುಮ್ಮಟ. ಫೋಟೊಗೆ ಅದೇ ಸರಿ. ಆದರೆ ವೈನೂ ಬೇಕು, ಈಜೂ ಬೇಕು, ಕಾರು ನಾವೇ ಓಡಿಸಿಕೊಂಡು ಹಳ್ಳಿ ಸುತ್ತಬೇಕು ಎನ್ನುವವರಿಗೆ ನಾನು ಹೇಳುವುದು ಸೈಪ್ರಸ್. ಸಿಸಿಲಿ, ಸಾರ್ಡಿನಿಯ ಬಿಟ್ಟರೆ ಆ ಕಡಲಿನ ಮೂರನೇ ದೊಡ್ಡ ದ್ವೀಪ. 1960ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದುದರಿಂದ ವಾಹನಗಳು ಇಲ್ಲಿ ನಮ್ಮ ಹಾಗೆ ಎಡಗಡೆಯಲ್ಲೇ ಓಡುತ್ತವೆ. ಇಂಗ್ಲಿಷ್ ಹಳ್ಳಿಯ ಕಾಫಿ ಅಂಗಡಿಯಲ್ಲೂ ನಡೆಯುತ್ತದೆ.

ಇಡೀ ದ್ವೀಪ ನೋಡಿ ಮುಗಿಸುವ ಆಸೆಯನ್ನು ಮಾತ್ರ ಮೊದಲೇ ಬಿಟ್ಟುಬಿಡಿ. ದಕ್ಷಿಣ ತೀರದ ಲಿಮಸ್ಸೋಲ್‌ನಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಬೆನ್ನಿಗಿರುವ ಟ್ರೂಡೊಸ್ ಬೆಟ್ಟ ಹತ್ತಿ, ಸಂಜೆ ಕಡಲಿಗೆ ಇಳಿಯಿರಿ. ಬೆಟ್ಟದ ಹಳ್ಳಿಗಳ ವೈನ್ ಹಿಂದೆ ಆಡಿನ ತೊಗಲಿನ ಚೀಲಗಳಲ್ಲಿ, ಕತ್ತೆಗಳ ಬೆನ್ನ ಮೇಲೆ ಇದೇ ಬಂದರಿಗೆ ಇಳಿಯುತ್ತಿತ್ತು. ಆ ದಾರಿ ಹಿಡಿದವರಿಗೆ ವೈನಿನ ಚರಿತ್ರೆಗೊಂದು ಪ್ರವಾಸ, ಬೀಚಿಗೊಂದು ಪ್ರವಾಸ ಎಂದು ಬೇರೆ ಬೇರೆ ಮಾಡಬೇಕಾಗಿಲ್ಲ.

ಹಂತ 1: ತಿಂಗಳು ಗೊತ್ತುಮಾಡಿಕೊಳ್ಳಿ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗಿನ ಅವಧಿಗೆ ನನ್ನ ಓಟು. ಬೇಸಿಗೆಯಿಡೀ ಕಾದ ಸಮುದ್ರ ಆಗ ಇನ್ನೂ ಬೆಚ್ಚಗಿರುತ್ತದೆ, ಬೆಟ್ಟದಲ್ಲಿ ದ್ರಾಕ್ಷಿ ಕೊಯ್ಲು ನಡೆದಿರುತ್ತದೆ. ಜುಲೈ, ಆಗಸ್ಟ್ ಬೇಡ; ಬಿಸಿಲಿಗೆ ಮಧ್ಯಾಹ್ನವೆಲ್ಲ ಕೋಣೆಯಲ್ಲೇ ಕಳೆದುಹೋಗುತ್ತದೆ. ಮೇ ತಿಂಗಳಲ್ಲಿ ಬೆಟ್ಟ ಸೊಗಸು, ನೀರು ಮಾತ್ರ ನಮ್ಮ ಮೈಗೆ ತಣ್ಣಗೆ. ಲಿಮಸ್ಸೋಲ್‌ನ ನಗರಸಭೆ ಉದ್ಯಾನದಲ್ಲಿ 1961ರಿಂದ ನಡೆದುಬಂದಿರುವ ವೈನ್ ಉತ್ಸವ ಸೆಪ್ಟೆಂಬರ್ ಆಸುಪಾಸಿನಲ್ಲಿ ಬರುತ್ತದೆ. ಆ ವರ್ಷದ ದಿನಾಂಕ ನೋಡಿಕೊಂಡು ಟಿಕೆಟ್ ಮಾಡಿಸಿದರೆ ಅದೂ ಸಿಕ್ಕೀತು.

ಹಂತ 2: ವೀಸಾ, ವಿಮಾನ, ಕಾರು

ಸೈಪ್ರಸ್ 2004ರಿಂದ ಐರೋಪ್ಯ ಒಕ್ಕೂಟದಲ್ಲಿದೆ, 2008ರಿಂದ ಯೂರೋ ಬಳಸುತ್ತಿದೆ. ವೀಸಾ ವಿಷಯದಲ್ಲಿ ಮಾತ್ರ ಸ್ನೇಹಿತರು ಹೇಳಿದ್ದನ್ನು ನಂಬಬೇಡಿ. ಷೆಂಗೆನ್ ವೀಸಾಕ್ಕೂ ಸೈಪ್ರಸ್ ವೀಸಾಕ್ಕೂ ಇರುವ ನಂಟು ಬದಲಾಗುತ್ತ ಬಂದಿದೆ. ಹಣ ಕಟ್ಟುವ ಮುಂಚೆ ದೆಹಲಿಯ ಸೈಪ್ರಸ್ ಹೈಕಮಿಷನ್ ಹೇಳುವುದನ್ನೇ ಓದಿ. ಬೆಂಗಳೂರಿನಿಂದ ಗಲ್ಫ್ ದೇಶದಲ್ಲೊಂದು ಕಡೆ ವಿಮಾನ ಬದಲಿಸಿ ಲಾರ್ನಕಾ ತಲುಪಬಹುದು. ಅಲ್ಲಿಂದ ಲಿಮಸ್ಸೋಲ್ ಸುಮಾರು 70 ಕಿಲೋಮೀಟರ್.

ಬಾಡಿಗೆ ಕಾರಿಲ್ಲದೆ ಬೆಟ್ಟದ ಹಳ್ಳಿ ಸುತ್ತುವುದು ಕಷ್ಟ. ಬಸ್ಸುಗಳಿವೆ, ಆದರೆ ಅವು ನಿಮ್ಮ ಹೊತ್ತಿಗೆ ಬರುವುದಿಲ್ಲ. ಊರಿನ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಬಾಡಿಗೆ ಕಾರುಗಳಿಗೆ ಕೆಂಪು ನಂಬರ್ ಪ್ಲೇಟ್ ಇರುತ್ತದೆ. ಅದನ್ನು ನೋಡಿದರೆ ಊರಿನವರು ತುಸು ದೂರ ಬಿಟ್ಟು ಓಡಿಸುತ್ತಾರೆ, ಹೊಸಬರಿಗೆ ಅದೂ ಒಂದು ಅನುಕೂಲ. ದ್ವೀಪ 1974ರಿಂದ ಇಬ್ಭಾಗವಾಗಿದೆ. ದಕ್ಷಿಣದಲ್ಲಿ ಪಡೆದ ಕಾರಿನ ವಿಮೆ ಉತ್ತರ ಭಾಗಕ್ಕೆ ಅನ್ವಯಿಸುವುದಿಲ್ಲ. ಈ ಪ್ರವಾಸದ ಜಾಗಗಳೆಲ್ಲ ದಕ್ಷಿಣದಲ್ಲೇ ಇರುವುದರಿಂದ ಆ ತಲೆನೋವೂ ಇಲ್ಲ.

ಇನ್ನು ಮುಖ್ಯವಾದದ್ದು. ರಕ್ತದಲ್ಲಿ ಮದ್ಯದ ಮಿತಿ ಇಲ್ಲಿ ಶೇ 0.05, ಹೊಸ ಚಾಲಕರಿಗೆ ಅದಕ್ಕಿಂತಲೂ ಕಡಿಮೆ. ಬೆಟ್ಟದ ರಸ್ತೆ ತಿರುವುಗಳದ್ದು. ಜೊತೆಗಾರರಲ್ಲಿ ಆ ದಿನ ಕಾರು ಓಡಿಸುವವರು ಯಾರೆಂದು ಬೆಳಿಗ್ಗೆ ತಿಂಡಿ ಹೊತ್ತಿಗೇ ತೀರ್ಮಾನವಾಗಲಿ. ಅವರ ಪಾಲಿನ ಬಾಟಲಿ ಸಂಜೆ ಕೋಣೆಯಲ್ಲಿ ತೆರೆದರಾಯಿತು.

ಹಂತ 3: ಮೊದಲ ದಿನ ಬೆಟ್ಟ ಹತ್ತಬೇಡಿ, ಕೊಲೊಸ್ಸಿಗೆ ಹೋಗಿ

ಲಿಮಸ್ಸೋಲ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಕೊಲೊಸ್ಸಿ ಕೋಟೆ. ಈಗ ಕಾಣುವ ಚೌಕಾಕಾರದ, ಮೂರಂತಸ್ತಿನ ಗೋಪುರ ಹದಿನೈದನೇ ಶತಮಾನದ್ದು. ಜಾಗ ಅದಕ್ಕಿಂತ ಹಳೆಯದು. ಹಾಸ್ಪಿಟಲರ್ ಎಂಬ ಕ್ರೈಸ್ತ ಯೋಧರ ಪಂಗಡ ಇಲ್ಲಿ ಕೂತು ಸುತ್ತಲಿನ ಹಳ್ಳಿಗಳ ದ್ರಾಕ್ಷಿ, ಕಬ್ಬು ಎರಡನ್ನೂ ನೋಡಿಕೊಳ್ಳುತ್ತಿತ್ತು. ಅವರ ಆ ಆಡಳಿತ ವಿಭಾಗಕ್ಕೆ ‘ಕಮಾಂಡರಿ’ ಎಂದು ಹೆಸರು. ಅಲ್ಲಿನ ಸಿಹಿ ವೈನ್ ಕೊಮಂಡಾರಿಯ ಆದದ್ದು ಅದರಿಂದಲೇ. ಕೋಟೆಯ ಪಕ್ಕದಲ್ಲಿ ಅವರ ಸಕ್ಕರೆ ತಯಾರಿಕೆಯ ಕಟ್ಟಡ ಪಾಳು ಬಿದ್ದು ನಿಂತಿದೆ. ವೈನ್ ಹುಡುಕಿಕೊಂಡು ಹೋದ ಮಂಡ್ಯದವರಿಗೆ ಅಲ್ಲೊಂದು ಆಲೆಮನೆ ಎದುರಾದರೆ ಆಶ್ಚರ್ಯಪಡಬೇಕಿಲ್ಲ.

ಹತ್ತಿರದ ಎರಿಮಿಯಲ್ಲಿ ಸೈಪ್ರಸ್ ವೈನ್ ಮ್ಯೂಸಿಯಂ ಇದೆ. ಚಿಕ್ಕದು, ಒಂದು ಗಂಟೆ ಸಾಕು. ಈ ಭಾಗದಲ್ಲಿ ಸಿಕ್ಕ ಮಣ್ಣಿನ ಪಾತ್ರೆಗಳ ಆಧಾರದ ಮೇಲೆ ದ್ವೀಪದ ವೈನ್ ಪರಂಪರೆಗೆ ಸುಮಾರು 5500 ವರ್ಷಗಳ ಲೆಕ್ಕ ಹೇಳುತ್ತಾರೆ. ಇದನ್ನು ಮೊದಲೇ ನೋಡಿಕೊಂಡರೆ ಮಾರನೆಯ ದಿನ ಹಳ್ಳಿಮನೆಯ ಅಂಗಳದಲ್ಲಿ ಆಳೆತ್ತರದ ಗುಡಾಣ ಕಂಡಾಗ ಅದು ಏತಕ್ಕೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.

ಹಂತ 4: ಕೊಮಂಡಾರಿಯದ ಹಳ್ಳಿಗಳಿಗೆ ಹತ್ತಿ

ಟ್ರೂಡೊಸ್‌ನ ದಕ್ಷಿಣ ಇಳಿಜಾರಿನ 14 ಹಳ್ಳಿಗಳ ದ್ರಾಕ್ಷಿಯಿಂದ ಮಾಡಿದ್ದಕ್ಕೆ ಮಾತ್ರ ಕೊಮಂಡಾರಿಯ ಎಂಬ ಹೆಸರು ಸಲ್ಲುತ್ತದೆ. ಲಾನಿಯ, ದೋರೊಸ್, ಮೊನಾಗ್ರಿ, ಸಿಲಿಕು, ಜೂಪಿಗಿ, ಕಾಲೊ ಹೋರಿಯೊ ಆ ಪಟ್ಟಿಯಲ್ಲಿವೆ. ಎಲ್ಲವನ್ನೂ ಸುತ್ತುವ ಅಗತ್ಯವಿಲ್ಲ. ಲಾನಿಯ ನೋಡಿ, ಆಮೇಲೆ ಜೂಪಿಗಿಯನ್ನೋ ಕಾಲೊ ಹೋರಿಯೊವನ್ನೋ ಆರಿಸಿಕೊಳ್ಳಿ.

ಬಳಸುವುದು ಎರಡೇ ತಳಿ: ಬಿಳಿಯ ಕ್ಸಿನಿಸ್ಟೇರಿ, ಕಪ್ಪಾದ ಮಾವ್ರೊ. ಗೊಂಚಲು ಚೆನ್ನಾಗಿ ಹಣ್ಣಾಗುವವರೆಗೂ ಬಳ್ಳಿಯಲ್ಲೇ ಬಿಟ್ಟು, ಕೊಯ್ದ ಮೇಲೆ ಬಯಲಲ್ಲಿ ಹಾಸು ಹಾಕಿ ಒಂದು ವಾರ, ಹತ್ತು ದಿನ ಬಿಸಿಲಿಗೆ ಹರಡುತ್ತಾರೆ. ಸರಿಯಾದ ವಾರದಲ್ಲಿ ಹೋದರೆ ರಸ್ತೆ ಬದಿಯಲ್ಲೇ ಇದನ್ನು ಕಾಣಬಹುದು: ಹಸಿರು ಗೊಂಚಲು ಜೇನಿನ ಬಣ್ಣಕ್ಕೆ ತಿರುಗಿ, ಕಪ್ಪು ಹಣ್ಣಿನ ಸಿಪ್ಪೆ ಸುಕ್ಕಾಗಿ, ಕಣಜಗಳು ಗುಂಯ್‌ಗುಡುತ್ತ ಮುತ್ತಿರುತ್ತವೆ. ಹತ್ತಿರ ಹೋಗಿ ನಿಂತರೆ ಬೆಲ್ಲದ ಪಾಕದ ವಾಸನೆ ಬರುತ್ತದೆ. ನೀರಿನಂಶ ಇಂಗಿ ಸಕ್ಕರೆ ಮಂದವಾದ ಮೇಲೆ ಹಿಂಡುತ್ತಾರೆ. ಹುದುಗು ಬರುತ್ತ ಬರುತ್ತ ಮದ್ಯಾಂಶ ಏರಿ, ಒಂದು ಹಂತದಲ್ಲಿ ಯೀಸ್ಟೇ ಸೋತು ನಿಲ್ಲುತ್ತದೆ. ಉಳಿದ ಸಕ್ಕರೆಯೇ ವೈನಿನ ಸಿಹಿ. ಹೊರಗಿನಿಂದ ಸಕ್ಕರೆ ಬೆರೆಸುವುದಿಲ್ಲ. ಆಮೇಲೆ ಕಡಿಮೆಯೆಂದರೂ ಎರಡು ವರ್ಷ ಓಕ್ ಪೀಪಾಯಿಯಲ್ಲಿ ಇಡಬೇಕೆಂಬುದು ನಿಯಮ. ಹಳೆಯ ಮನೆಗಳಲ್ಲಿ ಗುಡಾಣವನ್ನು ಪೂರ್ತಿ ಬರಿದು ಮಾಡದೆ, ತಳದ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದರು.

ದ್ರಾಕ್ಷಿಯನ್ನು ಹೀಗೆ ಬಿಸಿಲಿಗೆ ಹರಡುವ ಕ್ರಮವನ್ನು ಪ್ರಾಚೀನ ಗ್ರೀಕ್ ಕವಿ ಹೆಸಿಯೋಡ್ ವರ್ಣಿಸಿದ್ದಾನೆ. ಹೆಸರು ಉಳಿಸಿಕೊಂಡು ಇಂದಿಗೂ ತಯಾರಾಗುತ್ತಿರುವ ವೈನುಗಳಲ್ಲಿ ಕೊಮಂಡಾರಿಯವೇ ಅತ್ಯಂತ ಹಳೆಯದು ಎಂದು ಸೈಪ್ರಿಯಟ್ಟರು ಹೆಮ್ಮೆಯಿಂದ ಹೇಳುತ್ತಾರೆ. ಇಂಗ್ಲೆಂಡಿನ ರಾಜ ರಿಚರ್ಡ್ 1191ರ ಮೇ ತಿಂಗಳಲ್ಲಿ ಲಿಮಸ್ಸೋಲ್‌ನಲ್ಲಿ ಮದುವೆಯಾದದ್ದು ಇತಿಹಾಸ. ಆ ಮದುವೆ ಊಟದಲ್ಲಿ ಇದೇ ವೈನ್ ಕುಡಿದು ಅವನು ಹಾಡಿ ಹೊಗಳಿದ ಎಂಬುದು ದಂತಕಥೆ. ಗೈಡುಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಹಂತ 5: ರುಚಿ ನೋಡುವ ಕ್ರಮ

ವೈನರಿಗೆ ಹಿಂದಿನ ದಿನವೇ ಫೋನ್ ಮಾಡಿ. ಸಣ್ಣ ವೈನರಿಗಳಲ್ಲಿ ತೋಟಕ್ಕೆ ಹೋದವರೇ ಬಂದು ಬಾಟಲಿ ತೆರೆಯಬೇಕು. ದಿನಕ್ಕೆ ಎರಡು ಕಡೆ ಸಾಕು, ಮೂರನೆಯದಕ್ಕೆ ನಾಲಗೆ ಉಳಿದಿರುವುದಿಲ್ಲ.

ಹಗುರವಾದದ್ದರಿಂದ ಶುರುಮಾಡಿ. ಮೊದಲು ತಣ್ಣಗಿನ ಕ್ಸಿನಿಸ್ಟೇರಿ: ತಿಳಿ ಬಣ್ಣ, ನಿಂಬೆ, ಹಸಿರು ಸೇಬಿನ ಹುಳಿ. ಆಮೇಲೆ ಕೆಂಪು ಮರಾಥೆಫ್ಟಿಕೊ. ಇದು ಬೆಳೆಗಾರರ ತಾಳ್ಮೆ ಪರೀಕ್ಷಿಸುವ ತಳಿ; ಅದರ ಹೂವು ತಾನೇ ಪರಾಗ ಕಟ್ಟಿಕೊಳ್ಳಲಾರದ್ದರಿಂದ ನಡುನಡುವೆ ಬೇರೆ ತಳಿಯ ಬಳ್ಳಿ ನೆಡಬೇಕು. ಹಾಗಾಗಿ ಒಂದು ಕಾಲಕ್ಕೆ ಮೂಲೆಗುಂಪಾಗಿದ್ದ ಇದನ್ನು ಈಗ ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ನನ್ನ ಮಟ್ಟಿಗೆ ದ್ವೀಪದ ಕೆಂಪು ವೈನುಗಳಲ್ಲಿ ಇದಕ್ಕೇ ಮೊದಲ ಮಣೆ. ಕೊನೆಗೆ ಕೊಮಂಡಾರಿಯ, ಸಣ್ಣ ಗ್ಲಾಸಿನಲ್ಲಿ, ಸ್ವಲ್ಪ ತಂಪಾಗಿ. ಒಣದ್ರಾಕ್ಷಿ, ಖರ್ಜೂರ, ಸುಟ್ಟ ಸಕ್ಕರೆ, ಕೊನೆಯಲ್ಲಿ ತುಸು ಕಾಫಿಯ ಕಹಿ ಸಿಗುತ್ತದೆ. ಗೋವಾದ ಪೋರ್ಟ್ ವೈನಿನ ರುಚಿಗೆ ಒಗ್ಗಿದವರು ಇದನ್ನೇ ಮೊದಲು ಕೇಳುತ್ತಾರೆ. ಹಾಗೆ ಕೇಳಬೇಡಿ, ಇದಾದ ಮೇಲೆ ಬೇರೆಲ್ಲವೂ ಹುಳಿ ಎನಿಸುತ್ತದೆ.

ಕುಡಿಯಲೇಬೇಕೆಂದಿಲ್ಲ. ಬಾಯಲ್ಲಿ ಆಡಿಸಿ ಪಕ್ಕದ ಪಾತ್ರೆಗೆ ಉಗುಳುವುದು ಇಲ್ಲಿ ಅಸಭ್ಯವಲ್ಲ, ಕಸುಬುದಾರರು ಮಾಡುವುದೇ ಹಾಗೆ. ಹಿಪ್ಪೆಯಿಂದ ಭಟ್ಟಿ ಇಳಿಸಿದ ಜಿವಾನಿಯವನ್ನು ಯಾರಾದರೂ ಪ್ರೀತಿಯಿಂದ ಸುರಿದರೆ ತುಟಿ ತಾಕಿಸಿ ‘ಯಾಮಾಸ್’ ಎಂದರೆ ಮರ್ಯಾದೆ ಉಳಿಯಿತು. ಅದರಲ್ಲಿ ಮದ್ಯಾಂಶ ಶೇ 45ರ ಆಸುಪಾಸು.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳುಗೆಡವಿದ ಫಿಲೊಕ್ಸೆರ ಎಂಬ ಬೇರುಹೇನು ಈ ದ್ವೀಪಕ್ಕೆ ಕಾಲಿಡಲಿಲ್ಲ. ಬೇರೆಡೆ ಅಮೆರಿಕದ ಬೇರಿಗೆ ಕಸಿ ಕಟ್ಟಿದರೆ, ಇಲ್ಲಿ ಬಳ್ಳಿ ಸ್ವಂತ ಬೇರಿನ ಮೇಲೇ ನಿಂತಿದೆ. ಆದ್ದರಿಂದ ಹೊರಗಿನಿಂದ ಸಸಿ, ಕಡ್ಡಿ ಯಾವುದನ್ನೂ ಒಯ್ಯಬೇಡಿ.

ಹಂತ 6: ಊಟಕ್ಕೆ ಓಮೊಡೊಸ್

ಕಲ್ಲುಹಾಸಿನ ಚೌಕ, ಹೋಲಿ ಕ್ರಾಸ್ ಮಠ, ದ್ರಾಕ್ಷಿ ಹಿಂಡುವ ಹಳೆಯ ಮರದ ಯಂತ್ರ, ಕಸೂತಿ ಅಂಗಡಿಗಳು. ಓಮೊಡೊಸ್ ಚಂದದ ಹಳ್ಳಿ, ಪ್ರವಾಸಿಗಳ ಹಳ್ಳಿಯೂ ಹೌದು. ಹನ್ನೆರಡರೊಳಗೆ ತಲುಪಿದರೆ ಟೂರ್ ಬಸ್ಸುಗಳ ಜನಜಂಗುಳಿಯಿಂದ ಬಚಾವು. ಅಂಗಡಿಗಳ ಮುಂದೆ ತೂಗುವ ಕಂದು ಬಣ್ಣದ ಉದ್ದನೆಯ ಸರಗಳು ಶುಶುಕೊ. ಬಾದಾಮಿಯನ್ನೋ ಅಕ್ರೋಟನ್ನೋ ನೂಲಿಗೆ ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ, ಹೀಗೆ ಬೆರಳಿಗಿಂತ ದಪ್ಪವಾಗುವವರೆಗೆ ಮಾಡುತ್ತಾರೆ. ಬಿಲ್ಲೆಯಾಗಿ ಕೊಯ್ದು ತಿನ್ನಬೇಕು, ನೂಲು ಎಳೆದುಹಾಕಲು ಮರೆಯಬಾರದು.

ಸಸ್ಯಾಹಾರಿಗಳು ‘ನಿಸ್ಟೀಸಿಮೊ’ ಎಂದು ಕೇಳಿ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆ ಅದು: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸೀಗಡಿ, ಆಕ್ಟೋಪಸ್ ಕೆಲವು ಕಡೆ ನುಸುಳುತ್ತವೆ, ಅವು ಬೇಡವೆಂದೂ ಹೇಳಿಬಿಡಿ. ಅಲಸಂದೆ ಕಾಳಿನ ಲೂವಿ, ಮಸೂರ್ ಜಾತಿಯ ಕಾಳು, ಅಕ್ಕಿ, ಹುರಿದ ಈರುಳ್ಳಿಯ ಮುಕೆಂದ್ರ ನಮ್ಮ ಹೊಟ್ಟೆಗೆ ಒಗ್ಗುತ್ತವೆ. ಸುಟ್ಟ ಹಲ್ಲೂಮಿ ಚೀಸ್ ಎಲ್ಲೆಡೆ ಸಿಗುತ್ತದೆ. ಕಟ್ಟುನಿಟ್ಟಿನವರು ಹೆಪ್ಪು ಯಾವುದೆಂದು ಕೇಳಬೇಕು, ಪ್ರಾಣಿಮೂಲದ್ದೂ ಇರಬಹುದು.

ಹಂತ 7: ನಾಲ್ಕರ ಹೊತ್ತಿಗೆ ಕಡಲು

ಕುಡಿದವರು ನೀರಿಗಿಳಿಯಬಾರದು, ಬೆಟ್ಟದಲ್ಲಿ ಊಟ ಮಾಡಿ, ಸಾಕಷ್ಟು ನೀರು ಕುಡಿದು, ಅಮಲು ಪೂರ್ತಿ ಇಳಿದ ಮೇಲೆಯೇ ಈಜಿನ ಮಾತು. ಇಲ್ಲದಿದ್ದರೆ ಈಜನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಉಬ್ಬರವಿಳಿತ ಇಲ್ಲಿ ಕಣ್ಣಿಗೆ ಕಾಣುವಷ್ಟಿಲ್ಲ. ಹಾಗೆಂದು ಸೆಳೆತ ಇಲ್ಲವೆಂದಲ್ಲ.

ನನ್ನ ಆಯ್ಕೆ ಕೂರಿಯನ್. ಮೇಲೆ ಬಂಡೆಯಂಚಿನಲ್ಲಿ ಗ್ರೀಕ್-ರೋಮನ್ ರಂಗಮಂದಿರ, ಕೆಳಗೆ ಉದ್ದನೆಯ ತೀರ. ಮೊದಲು ಮೇಲೆ ಹತ್ತಿ ಮೆಟ್ಟಿಲ ಮೇಲೆ ಕೂತು ಕಡಲು ನೋಡಿ, ಆಮೇಲೆ ಇಳಿಯಿರಿ. ಮಧ್ಯಾಹ್ನದ ಗಾಳಿಗೆ ಅಲೆ ಏಳುವುದರಿಂದ ಫಲಕ ನೋಡಿ, ಕಾವಲುಗಾರರು ಇರುವ ಕಡೆಯೇ ಈಜಿ. ಮಕ್ಕಳಿದ್ದರೆ ಆಳವಿಲ್ಲದ ಲೇಡೀಸ್ ಮೈಲ್ ಮೇಲು. ಅದರ ಹಿಂದಿನ ಉಪ್ಪಿನ ಸರೋವರಕ್ಕೆ ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಈ ಎರಡೂ ಬೀಚುಗಳು ಬ್ರಿಟನ್ ಇಟ್ಟುಕೊಂಡಿರುವ ಸೇನಾ ನೆಲೆಯ ವ್ಯಾಪ್ತಿಯಲ್ಲಿವೆ, ಬೇಲಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಲಿಮಸ್ಸೋಲ್‌ನ ಪೂರ್ವಕ್ಕಿರುವ ಗವರ್ನರ್ಸ್ ಬೀಚಿನಲ್ಲಿ ಸುಣ್ಣದಂಥ ಬಿಳಿ ಬಂಡೆ, ಕಪ್ಪು ಮರಳು. ಅದು ಕಾದರೆ ಕಾಲಿಡಲಾಗದು, ಚಪ್ಪಲಿ ಬಿಡಬೇಡಿ. ಅಫ್ರೊಡೈಟಿ ದೇವತೆ ಹುಟ್ಟಿದಳೆನ್ನುವ ಪೆಟ್ರಾ ತು ರೊಮಿಯು ನೋಡಲು ಸರಿ, ಈಜಲು ಅಲ್ಲ: ಉರುಟು ಕಲ್ಲಿನ ದಡ, ಒರಟು ಅಲೆ.

ಹಂತ 8: ಬಾಟಲಿ ಊರಿಗೆ ತರುವುದು

ಸುಂಕವಿಲ್ಲದೆ ಭಾರತಕ್ಕೆ ತರಬಹುದಾದ ಮದ್ಯ ವಯಸ್ಕರೊಬ್ಬರಿಗೆ 2 ಲೀಟರ್. 750 ಮಿಲಿಯ ಎರಡು ಬಾಟಲಿ ತಂದರೆ ಮಿತಿಯೊಳಗೇ. ಒಂದು ಕೊಮಂಡಾರಿಯ, ಒಂದು ಮರಾಥೆಫ್ಟಿಕೊ ಇರಲಿ. ಕ್ಸಿನಿಸ್ಟೇರಿಯನ್ನು ಅಲ್ಲೇ ಕುಡಿದು ಮುಗಿಸಿ, ಅದು ಕಾಪಿಡುವ ವೈನಲ್ಲ. ಟವೆಲ್ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಬಟ್ಟೆಗಳ ಒಳಗೆ ಇಡಿ. ಬರುವಾಗ ದೋಹಾದಲ್ಲಿ ಇಳಿದು ಊರು ನೋಡುವ ಯೋಚನೆಯಿದ್ದರೆ ಸೂಟ್‌ಕೇಸನ್ನು ಲಾರ್ನಕಾದಲ್ಲೇ ನೇರ ಬೆಂಗಳೂರಿಗೆ ಹಾಕಿಸಿ. ಕತಾರಿನೊಳಗೆ ಮದ್ಯ ಒಯ್ಯುವಂತಿಲ್ಲ.